ಆರಪ್ಪನ ಕಾಲಡಿಯ ಗೆರೆ

ನಾನು ಒಂದು ತಗಡು. ಮೊದಲು ಎಣ್ಣೆ ಡಬ್ಬಿಯ ಹೊಟ್ಟೆಯಾಗಿದ್ದೆ. ದಾವಣಗೆರೆಯ ಗಿರಣಿ ಮೈದಾನದ ಸ್ಕೋರ್ ಬೋರ್ಡಿಗೆ ಅಂಕಿಗಳು ಬೇಕಾದಾಗ ಕೊಟ್ರಬಸಪ್ಪ ನನ್ನನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಕರಿ ಬಣ್ಣ ಬಳಿದು, ಬಿಳಿಯಲ್ಲಿ ‘6’ ಬರೆದ. ಮೊಳೆಗೆ ಸಿಕ್ಕಿಸಲು ಮೇಲೊಂದು ತೂತು, ಕೆಳಗೊಂದು ತೂತು. ತಲೆಕೆಳಗಾದರೆ ನಾನು ಒಂಬತ್ತು! ಅದಕ್ಕೇ ಕಾಲಡಿಗೆ ದಪ್ಪನೆ ಗೆರೆ ಎಳೆದು, "ಇದು ನಿನ್ನ ನೆಲ ಕಣೋ ಆರಪ್ಪ" ಎಂದ.

ಕೊಟ್ರಬಸಪ್ಪ ಗಿರಣಿಯ ನೂಲು ವಿಭಾಗದ ಕೆಲಸಗಾರ. ಭಾನುವಾರ ಬಂತೆಂದರೆ ಬೋರ್ಡಿನ ಹಿಂದಿನ ಏಣಿ ಹತ್ತಿಬಿಡುತ್ತಿದ್ದ. ಅಲ್ಲಿಂದ ಆಟ ನೋಡಲು ಇದ್ದದ್ದು ಅಂಗೈಯಗಲದ ಕಿಂಡಿ. ಕೆಳಗಿನಿಂದ ಸ್ಕೋರರ್ ಕೂಗಬೇಕು, ಇವನು ನಮ್ಮನ್ನು ಬದಲಿಸಬೇಕು. ಅರ್ಧ ಆಟ ಕಾಣದಿದ್ದರೂ ಅವನಷ್ಟು ಕ್ರಿಕೆಟ್ ಹುಚ್ಚನನ್ನು ನಾನಂತೂ ಕಾಣೆ.

"ಆ ದೂರದಾಗೆ ನಿಂತಾನಲ್ಲ, ಬೆಳಗ್ಗಿಂದ ಅವನ ಕಡೆ ಒಂದ್ ಚೆಂಡೂ ಹೋಗಿಲ್ಲ. ಆದ್ರೂ ಪ್ರತಿ ಸಲ ಬಗ್ಗಿ ಕಾಯ್ತಾನೆ. ಎಂಥಾ ಆಟನೋ ಆರಪ್ಪ ಇದು!" ಎಂದು ಬೆರಗಾಗುತ್ತಿದ್ದ. ಇಡೀ ಮೈದಾನ ಉಸಿರು ಬಿಗಿಹಿಡಿದಾಗ ಅವನ ಕೈಯ ರೋಮ ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ. "ಕೊನೆಗೆ ಎಲ್ಲರೂ ಕತ್ತೆತ್ತಿ ನಮ್ಮನ್ನೇ ನೋಡ್ತಾರಲ್ಲೋ! ನಾವು ಹೇಳಿದ್ದೇ ನಿಜ ಅಂತ ನಂಬ್ತಾರಲ್ಲೋ!" ಇಪ್ಪತ್ತೆರಡು ವರ್ಷದಲ್ಲಿ ಅವನ ಬೋರ್ಡ್ ಒಮ್ಮೆಯೂ ತಪ್ಪಿರಲಿಲ್ಲ. ಅವನ ಮಾನವೆಲ್ಲ ಅದರಲ್ಲೇ ಇತ್ತು.

ಹಿಂದಿನಿಂದ ಕೈ ಚಾಚಿ ನೇತುಹಾಕುವಾಗ ಅವನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಹೆಬ್ಬೆರಳಿಗೆ ಗೆರೆಯ ದಪ್ಪ ಸಿಕ್ಕರೆ ಸಾಕು, ಅದೇ ಕಾಲಡಿ ಎಂದು ತಿಳಿಯುತ್ತಿತ್ತು.

ಆ ವರ್ಷ ಫೈನಲ್ಲಿನ ಹಿಂದಿನ ದಿನ, ತುಕ್ಕು ಹಿಡಿದಿದ್ದ ನನ್ನೊಬ್ಬನನ್ನು ಕೆರೆದು ಹೊಸ ಬಣ್ಣ ಬಳಿದ. ಒಣಗಲು ತಲೆಕೆಳಗಾಗಿ ನೇತುಹಾಕಿ, "ಗೆರೆ ಆಮೇಲೆ ಎಳೀತೀನಿ" ಎಂದವನು ಮರೆತೇಬಿಟ್ಟ. ಹಸಿ ಬಣ್ಣ ಇಳಿದು ನನ್ನ ತಲೆಯಂಚಿನಲ್ಲಿ ದಪ್ಪಗೆ ಗಟ್ಟಿಯಾಯಿತು.

ಎದುರಾಳಿಗಳು 169 ಹೊಡೆದಿದ್ದರು. ಒಂದೇ ಚೆಂಡು ಉಳಿದಾಗ ನಮ್ಮವರದು 166. ಕೊಟ್ರಬಸಪ್ಪನ ಹೆಬ್ಬೆರಳು ತಲೆಯ ದಪ್ಪವನ್ನೇ ಗೆರೆ ಅಂದುಕೊಂಡಿತು. ಕೊನೆಯ ಅಂಕಿಯ ಜಾಗದಲ್ಲಿ ನಾನು ಒಂಬತ್ತಾಗಿ ನಿಂತೆ. ಅಯ್ಯೋ, ತಗಡಿಗೆ ಬಾಯಿಲ್ಲವಲ್ಲ!

ಗಿರಣಿಯ ಫಿಟ್ಟರ್ ದಾದಾಪೀರ್ ಬ್ಯಾಟ್ ಹಿಡಿದಿದ್ದ. ಕತ್ತೆತ್ತಿ ಬೋರ್ಡ್ ನೋಡಿದ: 169. ಒಂದು ರನ್ ಸಾಕು ಅಂದುಕೊಂಡು ಚೆಂಡನ್ನು ಮೆಲ್ಲಗೆ ತಳ್ಳಿ, ಒಂದೇ ಓಡಿ, ಬ್ಯಾಟ್ ಎತ್ತಿ ಕುಣಿದ. ನಿಜಕ್ಕೂ ನಮ್ಮವರು ಎರಡು ರನ್ನಿನಿಂದ ಸೋತಿದ್ದರು.

ಜನ ಬಾಯಿಗೆ ಬಂದಂತೆ ಬೈದರು. ಕೊಟ್ರಬಸಪ್ಪ ನನ್ನನ್ನು ಹಿಡಿದು ಏಣಿ ಇಳಿದು, ನೆರೆದವರ ಮುಂದೆಯೇ ದಾದಾಪೀರನಿಗೆ ಕೈಮುಗಿದ. "ತಪ್ಪು ನಂದಪ್ಪಾ. ಇನ್ನು ಈ ಏಣಿ ಹತ್ತಲ್ಲ." ದಾದಾಪೀರ್ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದ. ಅವನ ಕಣ್ಣುಗಳು ಕೆಂಪಾಗಿದ್ದವು.

ಮುಂದಿನ ಭಾನುವಾರ ಕೊಟ್ರಬಸಪ್ಪ ಮಂಡಕ್ಕಿ ಪೊಟ್ಟಣ ಹಿಡಿದು ಬೇಲಿಯಾಚೆ ಕೂತಿದ್ದ. ಒಂದು ಕಾಳೂ ತಿಂದಿರಲಿಲ್ಲ. ಬ್ಯಾಟಿಂಗಿಗೆ ಹೊರಟ ದಾದಾಪೀರ್ ಖಾಲಿ ಬೋರ್ಡ್ ನೋಡಿ ಸೀದಾ ಅವನ ಹತ್ತಿರ ಬಂದ.

"ಕೊಟ್ರಣ್ಣ, ಏಣಿ ಹತ್ತು."

"ಬ್ಯಾಡಪ್ಪಾ. ನನ್ನ ಬೋರ್ಡ್ ಯಾರು ನಂಬ್ತಾರೆ?"

"ನಾನು. ನೀ ಹತ್ತೋವರೆಗೂ ಬ್ಯಾಟ್ ಹಿಡಿಯಲ್ಲ."

ಕೊಟ್ರಬಸಪ್ಪ ನನಗೆ ಗೆರೆ ಎಳೆದು ಏಣಿ ಹತ್ತಿದ. ಅವತ್ತು ಪ್ರತಿ ರನ್ ಓಡಿದ ಮೇಲೂ ದಾದಾಪೀರ್ ನಿಂತು, ಎಲ್ಲರಿಗೂ ಕಾಣುವಂತೆ ಕತ್ತೆತ್ತಿ ನಮ್ಮನ್ನು ನೋಡಿದ. ಕಿಂಡಿಯ ಹಿಂದೆ ಕೊಟ್ರಬಸಪ್ಪ ಬಿಕ್ಕಿಬಿಕ್ಕಿ ಅತ್ತ. ಎಂಥಾ ಆಟವಪ್ಪಾ ಇದು, ಎಂದು ಅವತ್ತು ನನಗೂ ಅನ್ನಿಸಿತು.

ಈಗ ಆ ಬೋರ್ಡೂ ಇಲ್ಲ, ಕೊಟ್ರಬಸಪ್ಪನೂ ಇಲ್ಲ. ನಾನು ಮುದುಕ ದಾದಾಪೀರನ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿದ್ದೇನೆ. ಅವನ ಮನೆ ನಂಬರ್ ಒಂಬತ್ತು. ಮೊನ್ನೆ ಹೊಸ ಪೋಸ್ಟ್‌ಮನ್ ತಬ್ಬಿಬ್ಬಾಗಿ, "ಇದನ್ನ ತಿರುಗಿಸಿ ಹಾಕ್ರಿ ಸಾಹೇಬ್ರೇ, ಸರಿಯಾಗುತ್ತೆ" ಅಂದ.

ದಾದಾಪೀರ್ ನನ್ನ ಕಾಲಡಿಯನ್ನು ಹೆಬ್ಬೆರಳಿಂದ ಸವರಿದ.

"ಕೊಟ್ರಣ್ಣ ಎಳೆದ ಗೆರೆ ಐತೆ ನೋಡಪ್ಪಾ. ಇದು ಆರು."