ಕೊನೆಯ ಮನೆ

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಆದರೂ ನನ್ನ ಗಂಡ ರವೂಫ್‌ರಿಗೆ ಮೂರು ದಿನ ಹೇಳಿದೆ, ಸ್ಕ್ಯಾನ್ ಚೆನ್ನಾಗುಂಟು ಎಂದು.

ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಮಗಳು ಫರ್ಝಾನಾಳನ್ನೂ ಮಾತ್ರ ಒಳಗೆ ಕರೆದಿದ್ದರು. ಶ್ವಾಸಕೋಶದ ಒಂದು ಭಾಗ ಕತ್ತರಿಸಿ, ನಾಲ್ಕು ಕಿಮೋ ಕೊಟ್ಟು ಓಡಿಸಿದ್ದ ಕ್ಯಾನ್ಸರ್ ಹದಿನಾಲ್ಕೇ ತಿಂಗಳಲ್ಲಿ ಮರಳಿ ಬಂದಿತ್ತು. ಸೋಮವಾರವೇ ಮತ್ತೆ ಔಷಧಿ ಶುರುವಾಗಬೇಕು, ತಡ ಮಾಡುವಂತಿಲ್ಲ. ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಇವರಿಗೆ ಬರುವ ಬುಧವಾರದ ಉಮ್ರಾ ಯಾತ್ರೆಯ ವಿಮಾನದ್ದೇ ಧ್ಯಾನ. ಗುಣವಾದರೆ ಮಕ್ಕಾಕ್ಕೆ ಹೋಗುತ್ತೇನೆಂದು ಆಪರೇಷನ್ನಿಗೆ ಮೊದಲೇ ಹರಕೆ ಹೇಳಿಕೊಂಡಿದ್ದರು. ಅದನ್ನು ಕಿತ್ತುಕೊಳ್ಳಲು ನನಗೆ ನಾಲಗೆ ಏಳಲಿಲ್ಲ.

ಶನಿವಾರದಿಂದ ಅವರು ನಮ್ಮ ಊರು ಬೆಂಗ್ರೆಯ ಮನೆಮನೆಗೂ ಹೋಗತೊಡಗಿದರು. ಯಾತ್ರೆಗೆ ಹೊರಡುವವರು ಪರಿಚಯದವರೆಲ್ಲರ ಕ್ಷಮೆ ಕೇಳಿಯೇ ಹೊರಡುವುದು ನಮ್ಮಲ್ಲಿ ಪದ್ಧತಿ. ದೋಣಿ ಕಟ್ಟುವ ಜಾಗಕ್ಕಾಗಿ ಒಂಬತ್ತು ವರ್ಷ ಮುಖ ತಿರುಗಿಸಿಕೊಂಡಿದ್ದ ನೋಣಯ್ಯನ ಮನೆಯನ್ನೂ ಬಿಡಲಿಲ್ಲ. ಓಣಿಯಲ್ಲಿ ಅವರ ಕೆಮ್ಮು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಸರಿದುಬಿಡುತ್ತಿದ್ದೆ. ಹೇಳಿಬಿಡಬೇಕು, ಊಟ ಆಗಲಿ. ಊಟ ಆಯಿತು, ಚಹಾ ಆಗಲಿ. ನನ್ನ ಹೇಡಿತನಕ್ಕೆ ನನಗೇ ಸಿಟ್ಟು ಬರುತ್ತಿತ್ತು.

ಭಾನುವಾರ ಮಧ್ಯಾಹ್ನ, ಮೊದಲು ಟಿಕೆಟನ್ನಾದರೂ ಮುಂದೆ ಹಾಕಿಸೋಣವೆಂದು ಟ್ರಾವೆಲ್ಸಿನವರಿಗೆ ಫೋನ್ ಮಾಡಿದೆ.

"ಎಂತ ಮಾರಾಯ್ರೆ, ನಿಮ್ಮವರು ಶುಕ್ರವಾರವೇ ಬಂದು ಕ್ಯಾನ್ಸಲ್ ಮಾಡಿಸಿದ್ದಾರಲ್ಲ?" ಎಂದರು ಅವರು.

ಶುಕ್ರವಾರ ಟಿಕೆಟ್ ಬೇಡವೆಂದ ಮನುಷ್ಯ ಶನಿವಾರದಿಂದ ಯಾವ ಪ್ರಯಾಣಕ್ಕೆಂದು ಕ್ಷಮೆ ಕೇಳುತ್ತಿದ್ದಾರೆ?

ಅಷ್ಟರಲ್ಲಿ ಅವರು ಬಂದರು. ಒಳಗೆ ಕಾಲಿಡದೆ, ಪರರ ಮನೆಗೆ ಬಂದವರಂತೆ ಹೊಸ್ತಿಲಾಚೆಯೇ ನಿಂತರು. ಕ್ಷಮೆ ಕೇಳಲು ಅವರಿಗೆ ಉಳಿದದ್ದು ನಮ್ಮ ಮನೆಯೊಂದೇ ಎಂದು ನನಗೆ ಆಗ ಹೊಳೆಯಿತು.

"ಆಸ್ಪತ್ರೆಯಲ್ಲಿ ಫರ್ಝಾನಾಳ ಮುಖ ನೋಡಿದಾಗಲೇ ಗೊತ್ತಾಯ್ತು," ಎಂದರು. "ಇನ್ನು ಆ ಕಿಮೋ ನನಗೆ ಬೇಡ ಆಯಿಶಾ. ನನ್ನಿಂದ ಎಂತಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ."

ಊರೆಲ್ಲ ಕ್ಷಮಿಸಿತ್ತು, ನೋಣಯ್ಯನೂ ಸಹ. ಎಷ್ಟು ಪ್ರೀತಿಯಿತ್ತೋ ಅಷ್ಟೇ ಕೋಪ ಉಕ್ಕಿ ಬಂತು. ಅವರ ಮಣಿಕಟ್ಟು ಹಿಡಿದೆ.

"ನಾನು ಕ್ಷಮಿಸುವುದಿಲ್ಲ," ಎಂದೆ. "ನಾಳೆ ಎಂಟು ಗಂಟೆಯ ಫೆರಿಗೆ ನನ್ನೊಟ್ಟಿಗೆ ಆಸ್ಪತ್ರೆಗೆ ಹೊರಡಿ. ಮದ್ದು ಪೂರ್ತಿ ಆದ ಮೇಲೆ ಕೇಳಿ, ಆಗ ನೋಡುವ."



"ಹೆಂಡತಿಯ ಕ್ಷಮೆ ಇಲ್ಲದೆ ಹೋಗ್ಲಿಕ್ಕಾಗುವುದಿಲ್ಲ ಮಾರಾಯ್ತಿ," ಎಂದರು.

"ಗೊತ್ತುಂಟು," ಎಂದೆ. "ಹಾಗಾಗಿಯೇ ಕೊಡುವುದಿಲ್ಲ."