ಗ್ರಾಫಿನ ಮೂಲೆಯ ಹೆಸರು

ಬೈಂಡರ್‌ನ ಫೋನು ಬಂದಾಗ ಅವಳು ಹಾಸ್ಟೆಲಿನ ನಲ್ಲಿಯ ಮುಂದೆ ಹಲ್ಲುಜ್ಜುತ್ತಿದ್ದಳು.

"ಇದನ್ನ ನಾನು ಹೊಲಿಯಲ್ಲ. ನೀನೇ ಬಾ," ಅಂದವನೇ ಫೋನು ಇಟ್ಟುಬಿಟ್ಟ.

ಅಂದು ಸಂಜೆ ಐದರೊಳಗೆ ಅವಳ ಪಿಎಚ್‌ಡಿ ಪ್ರಬಂಧ ವಿಶ್ವವಿದ್ಯಾಲಯದ ಕಚೇರಿಯ ಮೇಜಿನ ಮೇಲಿರಬೇಕಿತ್ತು. ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು. ಹಾಸ್ಟೆಲ್ ಕೋಣೆಯ ಅವಧಿ ಈ ತಿಂಗಳಿಗೇ ಮುಗಿಯುತ್ತಿತ್ತು. ಲಾರಿ ಹೋದಾಗ ಸೇತುವೆಯ ಕಂಬ ಎಷ್ಟು ನಡುಗುತ್ತದೆ ಎಂದು ಐದು ವರ್ಷ ಅಳೆದವಳಿಗೆ ಈಗ ತಾನೇ ನಡುಗುವ ಸರದಿ ಬಂದಿತ್ತು.

ಬೈಂಡರ್‌ನ ಅಂಗಡಿಯನ್ನು ಅವಳು ಹನ್ನೊಂದು ತಿಂಗಳಿಂದ ತಪ್ಪಿಸಿ ಓಡಾಡಿದ್ದಳು. ಬೈಂಡರ್ ಅಂದರೆ ಎಲ್ಲರೂ ಮೊಳೆ ಎಂದು ಕರೆಯುತ್ತಿದ್ದವನ ಅಪ್ಪ. ಕಡ್ಡಿಯಂತಿದ್ದ ಮೊಳೆ ಲ್ಯಾಬಿನಲ್ಲಿ ಅವಳಿಗಿಂತ ಮೂರು ವರ್ಷ ದೊಡ್ಡವನು. ಕಾಮಾಲೆ ಬಂದು ಒಂಬತ್ತೇ ದಿನದಲ್ಲಿ ಸತ್ತ. ಎಲ್ಲರೂ ಅವನ ಮನೆಗೆ ಹೋಗಿ ಬಂದರು. ಅವಳಿಗೆ ಅವತ್ತು ಸೆಮಿನಾರ್ ಇತ್ತು. ಆಮೇಲೆ ಹೋದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ. ಮಿಕ್ಕ ಬೈಂಡರ್‌ಗಳೆಲ್ಲ ಮೂರು ದಿನ ಬೇಕು ಅಂದದ್ದಕ್ಕೆ ಗತಿಯಿಲ್ಲದೆ ಹಾಳೆಗಳನ್ನು ಇಲ್ಲಿಗೆ ಕಳಿಸಿದ್ದಳು, ಅದೂ ಗೆಳತಿಯ ಕೈಯಲ್ಲಿ.

ಅಂಗಡಿಯ ಉದ್ದನೆಯ ಮೇಜಿನ ಮೇಲೆ ಬೈಂಡರ್ ಅವಳ ಮೂವತ್ತೊಂದು ಗ್ರಾಫುಗಳನ್ನು ಸಾಲಾಗಿ ಹರಡಿದ್ದ. ಒಂದರ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದ.

"ಓದು."

ಇರುವೆ ಗಾತ್ರದ ಬೂದು ಅಕ್ಷರ. ಮೊಳೆ. ಪಕ್ಕದಲ್ಲಿ ಹೋದ ಮಂಗಳವಾರದ ತಾರೀಕು, ಹನ್ನೊಂದು ಗಂಟೆ ನಲವತ್ತೆರಡು ನಿಮಿಷ.

"ಮಂಗಳವಾರ ಬಂದಿದ್ನಾ?"

"ಯಾರು ಮಾಮ?"

"ಲೋಕದಲ್ಲಿ ಎಷ್ಟು ಜನ ಮೊಳೆ ಇದಾರಮ್ಮ? ಆ ಹೆಸರಿಟ್ಟೋನು ನಾನು. ಐದು ವರ್ಷದೋನಿದ್ದಾಗ ಈ ಡಬ್ಬಿ ಮೊಳೆ ಎಲ್ಲಾ ಬಾಯಿಗೆ ಹಾಕ್ಕೊಂಡು ಕೂತಿದ್ದ."

"ಅದು ಒಂದು ಸೆಟ್ಟಿಂಗು ಮಾಮ. ಕಂಪ್ಯೂಟರು ತಾನೇ ಹಾಕುತ್ತೆ."

"ನಂಗೇನು ತಲೆ ಕೆಟ್ಟಿಲ್ಲ ತಾಯಿ. ಅವನನ್ನ ಕಳಿಸಿ ಬಂದೋನು ನಾನೇ. ಆದ್ರೆ ಮೂವತ್ತೊಂದು ಹಾಳೇಲೂ ಕೂತಿದಾನಲ್ಲ. ನಿನ್ನ ಕೃತಜ್ಞತೆ ಪುಟ ಓದ್ದೆ. ಹದಿನೇಳು ಜನ. ಕ್ಯಾಂಟೀನಿನೋನೂ ಇದಾನೆ, ಇವನಿಲ್ಲ. ಸತ್ತೋರನ್ನ ನೆನೆಸ್ಕೋತಾರೆ. ದಿನಾ ಪಕ್ಕದಲ್ಲಿ ಕೂತು ಕೆಲಸ ಮಾಡೋನಿಗೆ ಏನು ಥ್ಯಾಂಕ್ಸು ಅಂತ ಬಿಟ್ಟಿರ್ತೀಯ ಅಂದ್ಕೊಂಡೆ."

ಅವನು ಚುಚ್ಚುತ್ತಿದ್ದಾನೋ ನಿಜವಾಗಿ ಕೇಳುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. ಪಟ್ಟಿ ಬರೆಯುವಾಗ ಮೊಳೆ ನೆನಪಿಗೇ ಬಂದಿರಲಿಲ್ಲ.

"ಆ ಹೆಸರಿಲ್ಲದ ಬೇರೆ ಹಾಳೆ ತರ್ತೀನಿ. ಎರಡು ಗಂಟೆಗೆ."

"ತಾ. ಇವು ಇಲ್ಲೇ ಇರ್ಲಿ."

ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಹೊಸಬರು ಬಂದ ದಿನ ಕುರ್ಚಿ ತೋರಿಸಿ, ಚೀಟಿಯಲ್ಲಿ ಒಂದು ಸಾಲು ಬರೆದುಕೊಡುತ್ತಿದ್ದರು: ಇದನ್ನು ನಿನ್ನ ಲಾಗಿನ್ ಫೈಲಿನಲ್ಲಿ ಹಾಕಿಕೋ, ಯಾಕೆ ಎಂದು ಕೇಳಬೇಡ. ಆ ಸಾಲು ಮೊಳೆಯ ಸೆಟ್ಟಿಂಗ್ ಫೈಲನ್ನು ಎಳೆದುಕೊಳ್ಳುತ್ತಿತ್ತು. ಗ್ರಾಫ್ ಬಿಡಿಸುವ ಸಾಫ್ಟ್‌ವೇರು ಶುರುವಾಗುವ ಮುಂಚೆ ತನಗೆ ಏನೇನು ಹೇಳಿಟ್ಟಿದ್ದಾರೆ ಎಂದು ನೋಡಿಕೊಳ್ಳುತ್ತದೆ. ಯಾವ ಪ್ರಿಂಟರು, ಎಷ್ಟು ದೊಡ್ಡ ಹಾಳೆ, ಗೆರೆ ಎಷ್ಟು ದಪ್ಪ, ಹಿನ್ನೆಲೆ ಕಪ್ಪೋ ಬಿಳಿಯೋ, ಮೂಲೆಯಲ್ಲಿ ಯಾರ ಹೆಸರು. ಹೀಗೆ ಹೇಳಿಟ್ಟ ಮಾತಿಗೆ ಎನ್ವಿರಾನ್ಮೆಂಟ್ ವೇರಿಯಬಲ್ ಅನ್ನುತ್ತಾರೆ. ಹೇಳಿದವನು ಇದ್ದಾನೋ ಹೋದನೋ ಅದಕ್ಕೆ ಬೇಕಿಲ್ಲ. ಮೂಲೆಯ ಹೆಸರು ಸ್ಕ್ರೀನಿನ ಮೇಲೆ ಬರುತ್ತಿರಲಿಲ್ಲ, ಕಾಗದದ ಮೇಲೆ ಮಾತ್ರ. ಐದು ವರ್ಷ ನೋಡಿ ನೋಡಿ ಅದು ಅವಳ ಕಣ್ಣಿಗೆ ಗೋಡೆಯ ಕಲೆಯಾಗಿತ್ತು.

ಲ್ಯಾಬಿಗೆ ಬಂದು ಅವಳು ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಪ್ಪು ಕಿಟಕಿ, ತೆರೆದು ಹೆಸರಿನ ಆ ವೇರಿಯಬಲನ್ನು ಅಳಿಸಿದಳು. ಮೂವತ್ತೊಂದೂ ಗ್ರಾಫನ್ನು ಒಟ್ಟಿಗೆ ಪ್ರಿಂಟಿಗೆ ಬಿಟ್ಟಳು. ಮೊದಲ ಹಾಳೆ ಹೊರಗೆ ಬಂತು. ಮೂಲೆಯಲ್ಲಿ ಮೊಳೆ. ಇವತ್ತಿನ ತಾರೀಕು. ಎರಡನೆಯದರಲ್ಲೂ ಅವನೇ. ಪ್ರತಿ ಗ್ರಾಫೂ ತನ್ನದೇ ಹೊಸ ಟರ್ಮಿನಲ್ ತೆರೆಯುತ್ತಿತ್ತು, ಪ್ರತಿ ಟರ್ಮಿನಲ್ಲೂ ಮೊಳೆಯ ಫೈಲನ್ನು ಮೊದಲಿಂದ ಓದುತ್ತಿತ್ತು. ಮುಚ್ಚಿದಲ್ಲಿ ಹೋಗುತ್ತಿದ್ದ, ತೆರೆದಲ್ಲಿ ಬರುತ್ತಿದ್ದ.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಪಾಸ್‌ವರ್ಡ್ ಅಕ್ಕ ಅನ್ನುತ್ತಿದ್ದರು. ಇವಳು ಹೋದಾಗ ಅಕ್ಕ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದು ಮುರಿದು ಬೀಳುವುದನ್ನು ನೋಡುತ್ತಿದ್ದಳು.

"ಮೊಳೆಯಣ್ಣನ ಫೈಲು ಇನ್ನೂ ಯಾಕಿದೆ ಅಕ್ಕ? ಖಾತೆ ಮುಚ್ಚಿಲ್ವಾ?"

"ಮುಚ್ಚಿದ್ದೆ ಕಣೆ. ಅರ್ಧ ಗಂಟೇಲಿ ಹದಿನಾಲ್ಕು ಜನ ನನ್ನ ತಲೆ ಮೇಲೆ ಕೂತ್ರು. ಯಾರ ಗ್ರಾಫೂ ಬರ್ತಿಲ್ಲ. ಒಳಗೇನಿದೆ ಅಂತ ಅವರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ವಾಪಸ್ ತೆರೆದೆ. ಬದುಕಿದ್ದಾಗ ಪಾಪ ರಜಾನಾದ್ರೂ ಹಾಕ್ತಿದ್ದ."

"ನಾನೇನು ಮಾಡ್ಲಿ?"

"ನಿನ್ನ ಫೈಲಲ್ಲಿ, ಅವನ ಸಾಲಿನ ಕೆಳಗೆ ನಿಂದೊಂದು ಸಾಲು ಹಾಕು. ಕೊನೇಲಿ ಹೇಳಿದ ಮಾತೇ ನಿಲ್ಲೋದು. ಅವನದ್ದನ್ನ ಮಾತ್ರ ಮುಟ್ಬೇಡ."

ಅವಳು ಕೆಳಗೆ ಒಂದು ಸಾಲು ಹಾಕಿದಳು. ಹೆಸರಿನ ಜಾಗ ಖಾಲಿ. ಗ್ರಾಫ್ ಬಿಡಿಸಲು ಹೇಳಿದಳು.

ಪ್ರಿಂಟರು ಸುಮ್ಮನಿತ್ತು. ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಅಕ್ಷರ ಮೂಡಿತು:

ಹೆಸರಿಲ್ಲದೆ ಬಿಡಿಸಲ್ಲ. ಯಾರು ನೀನು?

ಕರ್ಸರ್ ಮಿಟುಕುತ್ತಿತ್ತು. ಮೊಳೆ ಬರೆದಿಟ್ಟ ಪ್ರಶ್ನೆ. ಇಷ್ಟು ವರ್ಷ ಆ ಜಾಗದಲ್ಲಿ ಅವನ ಹೆಸರೇ ಇದ್ದುದರಿಂದ ಅದು ಯಾರನ್ನೂ ಕೇಳಿರಲಿಲ್ಲ. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು, ಸುತ್ತ ಐದು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಆದರೂ ಅವಳು ಒಮ್ಮೆ ತಿರುಗಿ ಹಿಂದೆ ನೋಡಿದಳು. ಕೀಲಿಮಣೆಯಿಂದ ಕೈ ತೆಗೆದಳು. ಮತ್ತೆ ಇಟ್ಟಳು. ತನ್ನ ಹೆಸರು ಬರೆದಳು. ಖಾಲಿ ಬಿಟ್ಟಿದ್ದ ಸಾಲಿನಲ್ಲೂ ಅದನ್ನೇ ತುಂಬಿದಳು.

ಹಾಳೆಗಳು ಬರತೊಡಗಿದವು. ಅದೇ ಗೆರೆ, ಅದೇ ಬೂದು, ಎರಡನೇ ಕಂಬಕ್ಕೆ ಅದೇ ತುಂಡು ತುಂಡು ರೇಖೆ. ಬದಲಾದದ್ದು ಮೂಲೆಯೊಂದೇ. ಪ್ರಿಂಟಾಗುವಷ್ಟು ಹೊತ್ತು ಅವಳು ಮೊಳೆಯ ಫೈಲನ್ನು ಮೊದಲ ಸಲ ತೆರೆದು ಓದಿದಳು. ಅರವತ್ತು ಸಾಲು. ಎಡ ಅಂಚಿನ ಅಳತೆಯ ಪಕ್ಕ ಒಂದು ಟಿಪ್ಪಣಿ: ಒಂದೂವರೆ ಇಂಚು. ಕಮ್ಮಿ ಆದರೆ ಅಪ್ಪ ಬೈತಾನೆ.

ಅವಳು ಅಂಗಡಿ ಸೇರಿದಾಗ ಎರಡೂಕಾಲು ಗಂಟೆ. ಬೈಂಡರ್ ಹೊಸ ಹಾಳೆಗಳ ಮೂಲೆಯನ್ನು ಒಂದೊಂದಾಗಿ ನೋಡಿದ. ತೂತು ಹೊಡೆದು, ದಾರ ಪೋಣಿಸಿ ಹೊಲಿಯಲು ಕೂತ.

"ಒಂದು ಮಾತು ಹೇಳ್ಬೇಕು," ಅಂದ, ಅರ್ಧ ಹೊಲಿದ ಮೇಲೆ. "ನಿಮ್ಮ ಲ್ಯಾಬಿನೋರು ಅಂಚು ಸರಿಯಾಗಿ ಬಿಡ್ತೀರಿ. ಬೇರೆಯೋರದು ಹೊಲಿದ್ರೆ ಅರ್ಧ ಅಕ್ಷರ ಒಳಗೇ ಹೋಗುತ್ತೆ."

ಸುಮ್ಮನಿರಬಹುದಿತ್ತು. "ಅದೂ ಮೊಳೆಯಣ್ಣನೇ ಮಾಮ," ಅಂದಳು. "ಕಮ್ಮಿ ಆದ್ರೆ ಅಪ್ಪ ಬೈತಾನೆ ಅಂತ ಬರೆದಿಟ್ಟಿದಾರೆ. ನಾನು ಇವತ್ತೇ ಓದಿದ್ದು."

ಸೂಜಿ ನಿಂತಿತು.

"ಈಗ ಅಳಿಸಿಬಿಟ್ಯಾ ಅವನನ್ನ?"

"ನನ್ನ ಹಾಳೆಯಿಂದ ಮಾತ್ರ. ಮಿಕ್ಕೋರದ್ರಲ್ಲಿ ಬರ್ತಾನೇ ಇರ್ತಾರೆ. ಅವರನ್ನ ತೆಗೆದ್ರೆ ಲ್ಯಾಬು ನಿಲ್ಲುತ್ತೆ."

ಅವನು ಹೊಲಿಗೆ ಮುಗಿಸಿದ. ಆಮೇಲೆ ಹಳೆಯ ಮೂವತ್ತೊಂದು ಹಾಳೆಗಳನ್ನು ಎಳೆದುಕೊಂಡು, ಕಬ್ಬಿಣದ ಸ್ಕೇಲಿಟ್ಟು, ಪ್ರತಿಯೊಂದರ ಕೆಳಗಿನ ಪಟ್ಟಿಯನ್ನು ಚಾಕುವಿನಿಂದ ಕೊಯ್ದ. ಪ್ರತಿ ಪಟ್ಟಿಯಲ್ಲೂ ಹೆಸರು, ತಾರೀಕು. ಒಂದರ ಮೇಲೊಂದು ಅಂಟು ಬಳಿದು ಅವಳ ಪ್ರಬಂಧದ ಬೆನ್ನಿಗೆ ಮೆತ್ತಿದ.

"ಮಾಮ, ಅದು..."

"ಬೆನ್ನು ಗಟ್ಟಿಯಾಗೋಕೆ ಯಾವುದಾದ್ರೂ ರದ್ದಿ ಹಾಕಲೇಬೇಕು. ಹೊರಗೆ ಕಾಣಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಬೇಡ ಅನ್ನಬಹುದಿತ್ತು.

"ರಟ್ಟು ಹಿಡ್ಕೋ," ಅಂದ.

ಹಿಡಿದುಕೊಂಡಳು.

ಕಚೇರಿಯ ಗುಮಾಸ್ತ ಹೆಬ್ಬೆರಳಿನಿಂದ ಪುಟ ಜಾರಿಸುತ್ತ ಗ್ರಾಫುಗಳ ಮೇಲೆ ಕಣ್ಣಾಡಿಸಿದ. ಎಲ್ಲ ಮೂಲೆಯಲ್ಲೂ ಅವಳ ಹೆಸರೇ.

"ಬೆನ್ನು ಸ್ವಲ್ಪ ದಪ್ಪ ಆಯ್ತಲ್ವಾ?"

"ಹೌದು," ಅಂದಳು.

ಅವನು ಸೀಲು ಹೊಡೆದ. ನಾಲ್ಕು ಐವತ್ತೆರಡು. ಹೊರಗೆ ಬಂದು ಕೈ ನೋಡಿಕೊಂಡಳು. ಪ್ರಬಂಧದ ಬೆನ್ನು ಹಿಡಿದಿದ್ದ ಅಂಗೈ ಇನ್ನೂ ಅಂಟಂಟಾಗಿತ್ತು.