ಜಾವಕ ನಂಬರು ಇನ್ನೂರ ಹದಿನಾಲ್ಕು

ಗುರುವಾರ ಹನ್ನೊಂದು ಗಂಟೆಗೆ ರಾಮತೀರ್ಥ ನಗರದ ಕಚೇರಿಯಲ್ಲಿ ಟಿವಿಯ ಮುಂದೆ ಇಬ್ಬರೇ ಕುಳಿತಿದ್ದರು. ಒಬ್ಬಳು ಸಂಸದ ಬಸವಪ್ರಸಾದರ ಪತ್ರವ್ಯವಹಾರ ನೋಡಿಕೊಳ್ಳುವ ಪ್ರಮಿಳಾ, ಇನ್ನೊಬ್ಬ ಅವರ ಗಾಡಿ ಓಡಿಸುವ ಸಿದರಾಯ. ಸಾಹೇಬರು ದಿಲ್ಲಿಯಲ್ಲಿದ್ದರು. ಲೋಕಸಭೆಯಲ್ಲಿ ಆ ದಿನದ ಪ್ರಶ್ನೆಗಳ ಪಟ್ಟಿಯಲ್ಲಿ ಅವರದು ಮೂರನೆಯದು.

"ಬರದಾಕಿ ನೀ, ಕೇಳಾವ್ರು ಅವ್ರು. ಬಾಯಿ ಸೀ ಮಾಡಾಕ ಕುಂದಾ ನೀನ ಕೊಡಸಬೇಕವಾ ತಂಗಿ," ಎಂದ ಸಿದರಾಯ.

"ಮೊದಲ ಉತ್ತರ ಬರ್ಲಿ ತಡೀರಿ ಕಾಕಾ," ಎಂದು ಪ್ರಮಿಳಾ ನಕ್ಕಳು.

ಒಳಗೊಳಗೇ ಅವಳಿಗೆ ಹಿಗ್ಗು. ವಡಗಾವಿಯ ಮಗ್ಗದ ಸದ್ದಿನಲ್ಲಿ ಬೆಳೆದು, ಹಗಲು ಸೀರೆ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದವಳು ಅವಳು. ತನ್ನ ಇಂಗ್ಲಿಷಿನ ಮೇಲೆ ಇಂದಿಗೂ ಅವಳಿಗೆ ನಂಬಿಕೆಯಿಲ್ಲ. ಒಂದು ಪತ್ರವನ್ನು ನಾಲ್ಕು ಸಲ ಓದದೆ ಲಕೋಟೆಗೆ ಹಾಕಿದವಳಲ್ಲ. ಮಂತ್ರಿ ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕಾದ ಪ್ರಶ್ನೆಗಳು ದಿನಕ್ಕೆ ಇಪ್ಪತ್ತೇ. ನೂರಾರು ಸಂಸದರು ಕಳಿಸಿದ್ದರಲ್ಲಿ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆ ಇಪ್ಪತ್ತರಲ್ಲಿ ಈ ಸಲ ಅವಳು ಬರೆದದ್ದೂ ಬಂದಿತ್ತು.

ಪ್ರಶ್ನೆ ಇಷ್ಟೇ. ಖಾನಾಪುರದ ಆಚೆ ಗುಡ್ಡದವಾಡಿಯ ಹತ್ತಿರ ಹೊಸ ಹೆದ್ದಾರಿಯ ಅಡಿಯಲ್ಲಿ ಜನ ಓಡಾಡಲೆಂದು ಕಟ್ಟಿದ ದಾರಿಯಲ್ಲಿ ಮಳೆಗಾಲ ಪೂರ್ತಿ ನೀರು ನಿಲ್ಲುವುದು ನಿಜವೇ? ಈ ಬಗ್ಗೆ ದೂರು ಬಂದಿದೆಯೇ? ಬಂದಿದ್ದರೆ ಏನು ಮಾಡಲಾಗಿದೆ?

ಹೆದ್ದಾರಿ ಖಾತೆಯ ಮಂತ್ರಿ ಎದ್ದರು. ಉತ್ತರದ ಹಾಳೆಯನ್ನು ಸದನದ ಮುಂದಿಟ್ಟಿರುವುದಾಗಿ ಹೇಳಿ, ಸಾರವನ್ನೂ ಓದಿದರು: "ಇಂದಿನವರೆಗೆ ಅಂಥ ಯಾವ ದೂರೂ ನಮಗೆ ಬಂದಿಲ್ಲ."

ಸಾಹೇಬರು ಸಿಡಿದೆದ್ದರು. "ಇದು ಸುಳ್ಳು! ಎರಡು ತಿಂಗಳ ಹಿಂದೆ ನನ್ನ ಕಚೇರಿಯಿಂದಲೇ ಪತ್ರ ಹೋಗಿದೆ."

ಸುಳ್ಳು ಎಂಬ ಶಬ್ದವನ್ನು ಸಭಾಧ್ಯಕ್ಷರು ಕಡತದಿಂದ ತೆಗೆಸಿದರು. ಸಾಹೇಬರು ಅದನ್ನೇ "ತಪ್ಪು ಮಾಹಿತಿ" ಎಂದು ಬದಲಿಸಿ, ಇನ್ನೂ ಜೋರಾಗಿ ಹೇಳಿದರು.

ಮಂತ್ರಿ ತಣ್ಣಗೆ ಉತ್ತರಿಸಿದರು. "ಆ ಪತ್ರ ಮುಟ್ಟಿಯೂ ನಾವು ಸುಮ್ಮನೆ ಕುಳಿತಿದ್ದರೆ ಇದೇ ಸದನದಲ್ಲಿ ಕ್ಷಮೆ ಕೇಳುತ್ತೇನೆ. ಮಾನ್ಯ ಸದಸ್ಯರು ದಾಖಲೆ ತೋರಿಸಲಿ."

"ಹಿಡದ್ರು ನೋಡು ನಮ್ಮ ಸಾಹೇಬ್ರು!" ಎಂದು ಸಿದರಾಯ ತೊಡೆ ತಟ್ಟಿದ. ಪ್ರಮಿಳಾ ನಗಲಿಲ್ಲ. ಅವಳ ಕೈ ಆಗಲೇ ಮೇಜಿನ ಕೆಳಗಿನ ಖಾನೆ ಎಳೆಯುತ್ತಿತ್ತು. ಹಳೆಯ ಆಮಂತ್ರಣ ಪತ್ರಿಕೆಗಳ ಅಡಿಯಲ್ಲಿ ಲಕೋಟೆ ಇತ್ತು. ಅಂಟು ಹಚ್ಚಿರಲಿಲ್ಲ.

ಜೂನ್ ತಿಂಗಳಲ್ಲಿ ಗುಡ್ಡದವಾಡಿಯ ಮಾಯವ್ವ ಅರ್ಜಿ ಹಿಡಿದು ಬಂದಿದ್ದಳು. ಕುರಿ ಸಾಕುವ ಮನೆತನದ ಹೆಂಗಸು. ಮೊಮ್ಮಗಳು ಪೂನಮ ಶಾಲೆಗೆ ಹೋಗಬೇಕಾದರೆ ಆ ದಾರಿಯೇ ಬೇಕು. ಸಾಹೇಬರು ಅವಳೆದುರಿಗೇ ದಿಲ್ಲಿಯ ಹೆದ್ದಾರಿ ಸಚಿವಾಲಯಕ್ಕೆ ಬರೆದ ಪತ್ರಕ್ಕೆ ಸಹಿ ಮಾಡಿ ಹೋದರು. ಮಾಯವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ನಂಬರ ಕೊಡ್ರಿ ಬಾಯಾರ. ನಂಬರ ಇಲ್ದ ಹೋದ್ರ ವಾಡ್ಯಾಗ ಮಂದಿ ನಗತಾರು."

ಅದಕ್ಕೇ ಪ್ರಮಿಳಾ, ಪತ್ರ ಹೊರಡುವ ಮೊದಲೇ, ಹೊರಹೋಗುವ ಪತ್ರಗಳ ಜಾವಕ ವಹಿಯಲ್ಲಿ ನಂಬರು ಹಾಕಿದಳು. ಪತ್ರದ ಒಂದು ಪ್ರತಿಗೆ ಕಚೇರಿಯ ಶಿಕ್ಕಾ ಹೊಡೆದು ಮಾಯವ್ವನಿಗೆ ಕೊಟ್ಟಳು. ಎಲ್ಲರಿಗೂ ಹಾಗೇ ಮಾಡುತ್ತಿದ್ದಳು. ಸಂಜೆಯ ಟಪಾಲಿಗೆ ಪತ್ರ ಹೋಗಿಯೇ ಹೋಗುತ್ತಿತ್ತು.

ಈ ಪತ್ರ ಹೋಗಲಿಲ್ಲ. ಐದನೆಯ ಸಲ ಓದುವಾಗ ಅವಳಿಗೆ ಅನುಮಾನ ಬಂತು. ಕಿಲೋಮೀಟರ್ ಕಲ್ಲು ಮೂವತ್ನಾಲ್ಕೋ, ನಲವತ್ಮೂರೋ? ಮಾಯವ್ವನ ಅರ್ಜಿಯಲ್ಲಿ ಅಂಕಿ ಒದ್ದೆಯಾಗಿ ಹರಡಿತ್ತು. ತಪ್ಪು ಕಲ್ಲು ಬರೆದು ಕಳಿಸಿದರೆ ಇಂಜಿನಿಯರುಗಳು ಬೇರೆಲ್ಲೋ ಹೋಗಿ, ಎಲ್ಲ ಸರಿಯಿದೆ ಎಂದು ಬರೆದಾರು. ರವಿವಾರ ತಾನೇ ಹೋಗಿ ಕಲ್ಲು ನೋಡಿ ಬರೋಣ ಎಂದುಕೊಂಡಳು. ರವಿವಾರ ಮಳೆ. ಮುಂದಿನ ವಾರ ಅಧಿವೇಶನದ ತಯಾರಿ. ಅದೇ ಅರ್ಜಿಯಿಂದ ಪ್ರಶ್ನೆ ಬರೆಯುವ ಹುರುಪಿನಲ್ಲಿ ಪತ್ರವನ್ನೇ ಮರೆತಳು. "ದೂರು ಬಂದಿದೆಯೇ" ಎಂಬ ಸಾಲನ್ನೂ ತನ್ನ ಕೈಯಾರೆ ಬರೆದಳು.

ಫೋನು ಬಂತು.

"ಪ್ರಮಿಳಾ, ಗುಡ್ಡದವಾಡಿದು ಜಾವಕ ನಂಬರ ಎಷ್ಟು?"

"ಇನ್ನೂರಾ ಹದಿನಾಕರೀ ಸಾಹೇಬ್ರ."

"ಭೇಷ್! ಮಂತ್ರಿ ತಪ್ಪ ಹೇಳಿದ್ರ ಸ್ಪೀಕರಗ ಬರದ ಕೊಡೂ ಪದ್ಧತಿ ಐತಿ. ಸೋಮವಾರ ಕೊಡ್ತೀನಿ. ಶಿಕ್ಕಾ ಹೊಡದ ಪ್ರತಿ ಆ ಮಾಯವ್ವನ ಕಡೆ ಐತಲ್ಲ, ಅದನ್ನ ಇಸಕೊಂಡು ನನಗ ಕಳಸು. ಈ ಸಲ ಮಂತ್ರಿಗೆ ಜಾರಾಕ ಬಿಡಂಗಿಲ್ಲ."

"ಹೂಂರೀ," ಎಂದಳು ಪ್ರಮಿಳಾ. ಫೋನು ಇಟ್ಟ ಮೇಲೆ ಆ "ಹೂಂರೀ" ಅವಳಿಗೆ ಪತ್ರಕ್ಕಿಂತ ದೊಡ್ಡ ತಪ್ಪಾಗಿ ಕಂಡಿತು.

ಸಿದರಾಯ ಲಕೋಟೆ ನೋಡಿದ. ಅವಳ ಮುಖವನ್ನೂ ನೋಡಿದ. ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಸಾದಾ ಟಪಾಲಲಾ? ಪಾವತಿ ಚೀಟಿ ಇರಂಗಿಲ್ಲ. ದಾರ್‍ಯಾಗ ಕಳದೈತಿ ಅಂದ್ರ ಮುಗೀತು. ವಹ್ಯಾಗ ನಂಬರ ಐತಿ, ಆಕಿ ಕಡೆ ಶಿಕ್ಕಾ ಐತಿ. ಯಾವನೂ ನಿನಗ ಏನೂ ಅನ್ನಂಗಿಲ್ಲ."

"ಮಂತ್ರಿ ಖರೇ ಹೇಳ್ಯಾರ್ರೀ ಕಾಕಾ."

"ಮಂತ್ರಿ ಅಪರೂಪಕ್ಕ ಒಮ್ಮೆ ಖರೇ ಹೇಳಿದ್ರ ಅದಕ್ಕ ನೀ ನೌಕರಿ ಕಳಕೋತೀಯೇನು?"

ಅವಳಿಗೆ ನಗು ಬಂತು, ಜೊತೆಗೇ ಅಳುವೂ. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಖಾನಾಪುರದ ಬಸ್ಸು ಹತ್ತಿದಳು. ಮಚ್ಛೆಯಲ್ಲಿ ಕಾರ್ಖಾನೆಯವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಆಗ ಸಿದರಾಯನ ಮಾತು ಪಕ್ಕದ ಸೀಟಿನಲ್ಲೇ ಕುಳಿತ ಹಾಗೆ ಅನ್ನಿಸತೊಡಗಿತು. ದಾರಿಯಲ್ಲಿ ಕಳೆದಿದೆ ಎಂದರೆ ಸಾಕು. ಟಪಾಲಿನಲ್ಲಿ ಪತ್ರಗಳು ಕಳೆಯುವುದಿಲ್ಲವೇ? ಖಾನಾಪುರ ಬರುವ ಹೊತ್ತಿಗೆ ಅವಳು ಆ ಮಾತನ್ನು ಅರ್ಧ ನಂಬಿಯೂ ಇದ್ದಳು.

ಮೊದಲೇ ಫೋನು ಮಾಡಿದ್ದರಿಂದ ಮಾಯವ್ವ ಗುಡ್ಡದವಾಡಿಯ ಹತ್ತಿರ ಹೆದ್ದಾರಿಯ ಬದಿಯಲ್ಲಿ ಕಾಯುತ್ತಿದ್ದಳು. ಕೆಳಗಿನ ದಾರಿಯಲ್ಲಿ ಸೊಂಟದ ಮಟ್ಟಕ್ಕೆ ಕೆಂಪು ನೀರು ನಿಂತಿತ್ತು. "ಮ್ಯಾಲಿಂದನ ಹೋಗೂಣು ಬರ್ರಿ. ಕೈ ಬಿಡಬ್ಯಾಡ್ರಿ," ಎಂದು ಅವಳು ಪ್ರಮಿಳಾಳ ಮಣಿಕಟ್ಟು ಹಿಡಿದಳು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಅರ್ಧ ದಾಟಿ ನಡುವಿನ ಕಟ್ಟೆಯ ಮೇಲೆ ನಿಂತರು. ಎರಡೂ ಕಡೆ ಗಾಡಿಗಳು ಗಾಳಿ ಎಬ್ಬಿಸಿಕೊಂಡು ಹಾಯುತ್ತಿದ್ದವು.

"ಪೂನಮ ದಿನಾ ಹಿಂಗ ದಾಟತಾಳು, ಎರಡ ಸಲ," ಎಂದಳು ಮಾಯವ್ವ. "ಮೊನ್ನಿ ನಮ್ಮ ವಾಡಿ ಲಕ್ಷ್ಮಣನ ಎರಡ ಕುರಿ ಲಾರಿಗೆ ಸಿಕ್ಕ ಹ್ವಾದೂ. ಕುರಿ ಹ್ವಾದ್ರ ಹೋಗ್ಲಿ ಅಂದೆ."

ಆಚೆ ದಡ ಮುಟ್ಟಿದಾಗ ಹುಲ್ಲಿನ ನಡುವೆ ಕಲ್ಲು ಕಂಡಿತು. ಮೂವತ್ನಾಲ್ಕು. ಪತ್ರದಲ್ಲಿ ಮೊದಲು ಬರೆದದ್ದೇ ಸರಿ ಇತ್ತು.

ಮನೆಯಲ್ಲಿ ಮಾಯವ್ವ ಚಹಾ ಕೊಟ್ಟಳು. ಗೋಡೆಯ ಮಾಡದಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ, ಮಡಿಕೆಗಳನ್ನು ಸವರುತ್ತ ಶಿಕ್ಕಾದ ಪ್ರತಿಯನ್ನು ಮುಂದೆ ಮಾಡಿದಳು. "ವಾಡಿ ಮಂದಿಗೆಲ್ಲಾ ತೋರ್ಸೀನ್ರಿ. ಮಂತ್ರಿ ಸುಳ್ಳ ಹೇಳ್ಯಾನಂತಲ್ರಿ? ಇದನ್ನ ಮಾರಿಗೆ ಹಿಡದ್ರ ಏನಂತಾನು?"

ಪ್ರಮಿಳಾ ಕೈ ಚಾಚಲಿಲ್ಲ. "ಸುಳ್ಳ ಮಂತ್ರೀದಲ್ಲ, ಮಾಯವ್ವಾರ. ನಂದು," ಎಂದು ಚೀಲದಿಂದ ಲಕೋಟೆ ತೆಗೆದು ನೆಲದ ಮೇಲಿಟ್ಟಳು. "ನಂಬರ ಕೊಟ್ಟೆ. ಪತ್ರಾ ಕಳಸಲಿಲ್ಲ."

ಮಾಯವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಲಕೋಟೆಯನ್ನು ಎತ್ತಿ, ತಿರುವಿ, ಬಾಯಿ ತೆರೆದೇ ಇರುವುದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಎರಡ ತಿಂಗಳಾತ್ರೆಲಾ ಬಾಯಾರ," ಎಂದಳು. "ನಾ ಮಂದಿಗೆ ಧೈರ್ಯಾ ಹೇಳಕೋತ ಕುಂತೆ."

ಬೈದಿದ್ದರೆ ಚೆನ್ನಾಗಿತ್ತು. ಪ್ರಮಿಳಾ ಅಂಗಳಕ್ಕೆ ಬಂದು ಸಾಹೇಬರಿಗೆ ಫೋನು ಹಚ್ಚಿದಳು. ಕಲ್ಲಿನ ಅನುಮಾನದಿಂದ ಹಿಡಿದು ನಿನ್ನೆಯ "ಹೂಂರೀ"ವರೆಗೆ ಒಂದೂ ಬಿಡದೆ ಹೇಳಿದಳು.

"ಇಡೀ ದೇಶದ ಮುಂದ ಅವ್ರಿಗೆ ಸುಳ್ಳಾ ಅಂದೀನಲ್ಲ ಪ್ರಮಿಳಾ," ಎಂದರು ಸಾಹೇಬರು. "ಇನ್ನ ಮುಂದ ನಾ ಖರೇ ಹೇಳಿದ್ರೂ ಅವರು ಇದನ್ನ ಎತ್ತಿ ಆಡತಾರು."

"ನನ್ನ ಹೆಸರ ಹೇಳ್ರಿ ಸಾಹೇಬ್ರ. ರಾಜೀನಾಮೆ ಬರದ ಕೊಡತೀನ್ರಿ."

"ಅದನ್ನೂ ಐದ ಸಲ ಓದಿ ಖಾನ್ಯಾಗ ಇಡಾಕೇನು?" ಎಂದು ಗದರಿದರು. ಆಮೇಲೆ ದನಿ ಇಳಿಸಿದರು. "ಆ ಕಲ್ಲಿನ ಫೋಟೋ, ನೀರಿನ ಫೋಟೋ ಕಳಸು. ಪತ್ರಾ ಈವತ್ತ ರಜಿಸ್ಟರ ಮಾಡು. ಅದರದೂ ಒಂದ ಫೋಟೋ ಕಳಸು, ನಾನೂ ಮಂತ್ರಿಗೆ ಕೈಲೆ ಒಯ್ದ ಕೊಡತೀನಿ."

ಹೊರಡುವಾಗ ಮಾಯವ್ವ ಪ್ರತಿಯನ್ನು ಲಕೋಟೆಯ ಜೊತೆಗೇ ಅವಳ ಕೈಗೆ ಹಾಕಿದಳು. "ಇದು ಬ್ಯಾಡ್ರಿ. ನಂಬರೂ ಬ್ಯಾಡ. ಟಪಾಲಿಗೆ ಹಾಕಿದ ಮ್ಯಾಲೆ ಫೋನ ಮಾಡ್ರಿ." ಮತ್ತೆ ಮಣಿಕಟ್ಟು ಹಿಡಿದು ರಸ್ತೆ ದಾಟಿಸಿದಳು. ಹೋಗುವಾಗ ಹಿಡಿದಷ್ಟೇ ಗಟ್ಟಿಯಾಗಿ.

ಸೋಮವಾರ ಮಧ್ಯಾಹ್ನ ಸಾಹೇಬರು ಸಭಾಧ್ಯಕ್ಷರ ಅನುಮತಿ ಪಡೆದು ಎದ್ದು ನಿಂತರು. "ಮಂತ್ರಿಗಳು ಹೇಳಿದ್ದು ಸರಿ. ಪತ್ರ ನನ್ನ ಕಚೇರಿಯಿಂದ ಹೋಗಿರಲಿಲ್ಲ. ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ." ಎದುರಿನ ಸಾಲುಗಳಲ್ಲಿ ನಗು ಎದ್ದಿತು, ಯಾರೋ ಮೇಜು ಬಡಿದರು. ನಗು ನಿಲ್ಲುವವರೆಗೆ ಅವರು ನಿಂತೇ ಇದ್ದರು. "ಈಗ ಪತ್ರ ನಿಮ್ಮ ಕೈಯಲ್ಲಿದೆ. ಫೋಟೋ ಇದೆ. ಮಕ್ಕಳು ಹೆದ್ದಾರಿ ದಾಟುತ್ತಿದ್ದಾರೆ. ಇನ್ನು ಮುಂದೆ ದೂರು ಬಂದಿಲ್ಲ ಎನ್ನುವಂತಿಲ್ಲ. ನೀರು ತೆಗೆಯುವುದು ಯಾವಾಗ?"

ಮಂತ್ರಿ ಎದ್ದು, ಮೂರು ವಾರ ಎಂದರು.

ಪ್ರಮಿಳಾ ಮೂರು ವಾರ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು. ಸಾಹೇಬರು ಅವಳ ಹೆಸರೆತ್ತಿರಲಿಲ್ಲ. ಆ ನಗುವಿನಲ್ಲಿ ತನ್ನ ಪಾಲು ಎಷ್ಟೆಂದು ಸದನದಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದೇ ಅವಳನ್ನು ಚುಚ್ಚುತ್ತಿತ್ತು. ಜಾವಕ ವಹಿ ತೆಗೆದು ಇನ್ನೂರ ಹದಿನಾಲ್ಕರ ಎದುರು ಕೆಂಪು ಶಾಯಿಯಲ್ಲಿ ಬರೆದಳು: "ಆ ದಿನ ಕಳಿಸಿರಲಿಲ್ಲ. ಕಳೆದ ಶುಕ್ರವಾರ ಖಾನಾಪುರದಿಂದ ಕಳಿಸಿದೆ. ಪ್ರಮಿಳಾ."

ಆಮೇಲೆ ಮಾಯವ್ವನಿಗೆ ಫೋನು ಹಚ್ಚಿ ಮೂರು ವಾರದ ಮಾತು ತಿಳಿಸಿದಳು. ಪತ್ರ ಟಪಾಲಿಗೆ ಹಾಕಿದ ಸುದ್ದಿಯನ್ನು ಶುಕ್ರವಾರವೇ ಹೇಳಿದ್ದಳು.

"ಹೌದ್ರಾ? ಆಗ್ಲಿ," ಎಂದಳು ಮಾಯವ್ವ. "ನೀರ ಹ್ವಾದಿಂದ ನಾನ ಫೋನ ಮಾಡತೀನ್ರಿ. ಅಲ್ಲೀತನಾ ಮಂದಿಗೆ ಏನೂ ಹೇಳಂಗಿಲ್ಲ."